ಕಿವಿಗೆ ಹಿಡಿದು ನೋಡಿ

ಚಿತ್ರದುರ್ಗದ ಕಚೇರಿ, ಮೇಲ್ಮಹಡಿ.
ಪರದೆಯ ಮೇಲೆ ನನ್ನ ಎಪ್ಪತ್ತೆರಡು ಸ್ಲೈಡು,
ಒಂದೊಂದರಲ್ಲೂ ಕೆಂಪಕ್ಷರದ ಎಚ್ಚರಿಕೆ.
ಎದುರಿಗೆ ಮೂವತ್ತೊಂದು ಲೈನ್‌ಮನ್‌ಗಳು,
ಗಾಳಿ ಹರಿದ ತಂತಿಯನ್ನು ರಾತ್ರಿಯೆಲ್ಲ ಬಿಗಿದು ಬಂದವರು,
ಫ್ಯಾನಿನ ಕೆಳಗೆ
ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಬಲ್ಲವರು.

ಓದುತ್ತಿದ್ದೆ. ನಿಯಮ ಹದಿನಾಲ್ಕು, ಉಪನಿಯಮ ಮೂರು.
ನನ್ನ ದನಿಗೆ ನನಗೇ ಆಕಳಿಕೆ ಬಂತು.
ಬಾಯಿಗೆ ಕೈ ಅಡ್ಡ ಹಿಡಿದು
ಮುಂದಿನ ಸ್ಲೈಡು ಒತ್ತಿದೆ.

ಸಂಜೆ ಅಭಿಪ್ರಾಯದ ಹಾಳೆಗಳನ್ನು ಎಣಿಸಿದರೆ
ಮೂವತ್ತರಲ್ಲಿ 'ಅತ್ಯುತ್ತಮ'.
ಒಂದರಲ್ಲಿ ಮಾತ್ರ, ಹೆಸರಿಲ್ಲದ ಸೊಟ್ಟ ಅಕ್ಷರ:
'ಬೋಂಡಾ ತಣ್ಣಗಿತ್ತು.'
ಆ ದಿನ ಆ ಕೋಣೆಯಲ್ಲಿ ನಿಜ ಹೇಳಿದವನು
ಅವನೊಬ್ಬನೇ.
ಹಾಳೆಯನ್ನು ಫೈಲಿಗೆ ಸೇರಿಸದೆ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ತಂಡ ಚಳ್ಳಕೆರೆಯಲ್ಲಿ.
ಲ್ಯಾಪ್‌ಟಾಪು ಜೀಪಿನಲ್ಲೇ ಬಿಟ್ಟೆ.
ಸ್ಟೋರಿನ ಹಿಂದೆ ಬೇವಿನ ಬುಡದಲ್ಲಿ
ಪಾಲಯ್ಯ ಮೇಸ್ತ್ರಿ ಕೂತಿದ್ದ,
ಎಡಗೈಯ ಎರಡು ಬೆರಳನ್ನು ಯಾವ ಕಾಲಕ್ಕೋ
ಹಿರಿಯೂರು ಫೀಡರಿಗೆ ಕೊಟ್ಟು ಬಂದವನು.
ನಿವೃತ್ತನಾದ ಮೇಲೆ ಅವನನ್ನು ಯಾರೂ
ಯಾತಕ್ಕೂ ಕರೆದಿರಲಿಲ್ಲ.
'ಪಾಠಗೀಠ ನಂಗೆ ಬರಲ್ಲ ಮೇಡಂ.
ಅವರವರ ಗ್ಲೌಸು ತರಾಕೆ ಹೇಳಿ, ಸಾಕು.'

ತಂದರು.
ಎಣ್ಣೆಗಿರಣಿಯ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ.
ಪಾಲಯ್ಯ ಒಂದು ಗವಸನ್ನು ಗಾಳಿಗೆ ಬೀಸಿ, ಬಾಯಿ ಹಿಚುಕಿ,
ಮಣಿಕಟ್ಟಿನಿಂದ ಬಿಗಿಯಾಗಿ ಸುರುಳಿ ಸುತ್ತಿದ.
ಬೆರಳು ಐದೂ ಹಾಲಿಳಿದ ಕೆಚ್ಚಲಿನ ಹಾಗೆ ಉಬ್ಬಿದವು.
'ಐದು ಮೊಲೆ ಎಮ್ಮೆ ಕಣ್ರಲೇ!' ಹಿಂದಿನಿಂದ ಯಾರೋ.
ಹದಿನಾಲ್ಕು ತರಬೇತಿ ಮಾಡಿದ್ದೆ,
ನಗು ಕೇಳಿದ್ದು ಇದೇ ಮೊದಲು.
'ನಗ್ರಪ್ಪ ನಗ್ರಿ. ಈಗ ಅದನ್ನ ಕಿವಿಗೆ ಹಿಡೀರಿ.'

ಹತ್ತೊಂಬತ್ತು ಜನ
ಬಸುರಿ ಹೆಂಡತಿಯ ಹೊಟ್ಟೆಗೆ ಕಿವಿಯಿಟ್ಟ ಗಂಡಂದಿರ ಹಾಗೆ
ಮಾತಿಲ್ಲದೆ ನಿಂತರು.
ಹನುಮಂತರಾಯನ ಮುಖ ಮೊದಲು ಬದಲಾಯಿತು,
ಆಮೇಲೆ ಸಣ್ಣೋಬಯ್ಯನದು,
ಆಮೇಲೆ ಮೊನ್ನೆ ಸೇರಿದ ಹುಡುಗ ರಿಯಾಜನದು.
ಸ್ಸ್...
ಹಾವಿಗಿಂತ ಸಣ್ಣ ಸದ್ದು,
ಸೂಜಿಮೊನೆಯಷ್ಟೇ ತೂತಿನಿಂದ.
'ನಿನ್ನೆ ಇದನ್ನೇ ಹಾಕ್ಕಂಡು ಹತ್ತಿದ್ದೆ'
ಅಂದ ಸಣ್ಣೋಬಯ್ಯ, ಯಾರಿಗೂ ಅಲ್ಲ.
ಪಾಲಯ್ಯ ಏನೂ ಹೇಳಲಿಲ್ಲ.
ಮೂರು ಬೆರಳಿನ ಕೈಯಲ್ಲಿ ಬೀಡಿ ಹಿಡಿದು ಕಡ್ಡಿ ಗೀರಿದ.

ನನ್ನ ಹದಿನೆಂಟನೆಯ ಸ್ಲೈಡಿನಲ್ಲಿ ಇದು ಇತ್ತು:
'ಕೈಗವಸನ್ನು ಪರೀಕ್ಷಿಸತಕ್ಕದ್ದು.'
ಎಷ್ಟು ಸಲ ಓದಿ ಹೇಳಿದ್ದೆ!
ಒಂದು ಸಲವೂ ಗವಸು ಕೈಗೆ ತೆಗೆದುಕೊಂಡವಳಲ್ಲ.
ಅವತ್ತು ಹೋಗಿ ಬಾಣಲೆಯ ಮುಂದೆ ನಿಂತು
ಬಿಸಿ ಬೋಂಡಾ ಕಟ್ಟಿಸಿ ತಂದೆ.

ವರದಿಯಲ್ಲಿ 'ಬಳಸಿದ ಸಲಕರಣೆ' ಎಂಬಲ್ಲಿ
'ಕಿವಿ' ಎಂದು ಬರೆದೆ.
ಅವಧಿ, ನಲವತ್ತು ನಿಮಿಷ.
ಆರು ಗಂಟೆಯಾಗದ ತರಬೇತಿ ತರಬೇತಿಯೇ ಅಲ್ಲವೆಂದು
ಮೇಲಿನಿಂದ ವಾಪಸು ಬಂತು, ಕೆಂಪು ಶಾಯಿ ಬಳಿದುಕೊಂಡು.
ಇನ್ನೂ ಮೇಜಿನ ಮೇಲೇ ಇದೆ.

ಆಷಾಢದ ಒಂದು ರಾತ್ರಿ.
ನಾಯಕನಹಟ್ಟಿ ದಾರಿಯಲ್ಲಿ ಎರಡು ಕಂಬ ಮಲಗಿದ್ದವು.
ನಾನು ಉಪಕೇಂದ್ರದಲ್ಲಿ, ರಿಜಿಸ್ಟರು ತೆರೆದಿಟ್ಟುಕೊಂಡು.
ಫೋನು. ರಿಯಾಜ್.
'ಲೈನ್ ಕ್ಲಿಯರ್ ಬೇಕಿತ್ತು ಮೇಡಂ...
ಒಂದ್ನಿಮಿಷ ಇರಿ.'
ಫೋನು ಜೇಬಿಗಿಳಿದ ಸದ್ದು.
ಗಾಳಿ. ರಬ್ಬರು ಸುತ್ತುವ ಕಿರ್ರು.
ಆಮೇಲೆ ಏನೂ ಇಲ್ಲ.

ಅಲ್ಲಿ ಅವನು ಕೇಳುತ್ತಿದ್ದಾನೆ.
ಇಲ್ಲಿ ನಾನೂ ರಿಸೀವರನ್ನು ಕಿವಿಗೊತ್ತಿಕೊಂಡು
ಉಸಿರು ಬಿಗಿಹಿಡಿದಿದ್ದೇನೆ.